ತಿಂಗಳ ಕೊನೆಗೆ ಕೆಡುವ ಕಡತ

‘ಅಪ್‌ಡೇಟ್ ಬಂದಿದೆ’ ಎಂದು ಫೋನ್ ಗೋಗರೆಯುತ್ತದೆ. ನಾವು ‘ನಾಳೆ’ ಒತ್ತಿ ಮುಂದೆ ಹೋಗುತ್ತೇವೆ. ಕನ್ನ ಬೀಳುವುದು ಈ ನಾಳೆಗಳಲ್ಲೇ. ಲಿನಕ್ಸ್ ಕರ್ನಲ್‌ನ ಒಂದು ದೋಷ, ಅದನ್ನು ಮುಚ್ಚಿದ ಎರಡು ಸಾಲು, ಆ ಎರಡು ಸಾಲು ನಮ್ಮ ಜೇಬಿಗೆ ಬರುವವರೆಗೆ ಸವೆಸುವ ದಾರಿ – ಇದು ಅದರ ಕತೆ.

ದೂರು ತೀರಾ ಸಣ್ಣದು. 2021ರ ಏಪ್ರಿಲ್ 29ರಂದು ಜರ್ಮನಿಯ ವೆಬ್‌ ಹೋಸ್ಟಿಂಗ್ ಸಂಸ್ಥೆ ‘ಸಿಎಂಫೋರ್‌ಆಲ್’ಗೆ ಗ್ರಾಹಕರೊಬ್ಬರು ಬರೆದಿದ್ದರು: ಡೌನ್‌ಲೋಡ್ ಮಾಡಿಕೊಂಡ ಲಾಗ್ ಕಡತ ಬಿಚ್ಚಿಕೊಳ್ಳುತ್ತಿಲ್ಲ.

ಸಂಸ್ಥೆಯ ಎಂಜಿನಿಯರ್ ಮ್ಯಾಕ್ಸ್ ಕೆಲ್ಲರ್‌ಮನ್ ಸರ್ವರ್‌ಗೆ ಹೋಗಿ ನೋಡಿದರು. ಒಳಗಿನ ಮಾಹಿತಿಯೆಲ್ಲ ನೆಟ್ಟಗಿತ್ತು. ಕಡತ ಸರಿಯಿದೆಯೇ ಎಂದು ತಾಳೆ ನೋಡಲು ಕೊನೆಯಲ್ಲಿ ಸೇರಿಸುವ ಒಂದು ಸಂಖ್ಯೆ ಮಾತ್ರ ಹೊಂದುತ್ತಿರಲಿಲ್ಲ. ರಾತ್ರಿ ಲಾಗ್ ವಿಂಗಡಿಸುವ ಪ್ರೋಗ್ರಾಂ ನಡುವೆ ಎಲ್ಲೋ ಕುಸಿದಿರಬೇಕು ಎಂದುಕೊಂಡು, ಆ ಸಂಖ್ಯೆಯನ್ನು ಕೈಯಾರೆ ತಿದ್ದಿ, ದೂರನ್ನು ಮುಚ್ಚಿ ಮರೆತರು. ಅವರ ಜಾಗದಲ್ಲಿ ಯಾರಿದ್ದರೂ ಅಷ್ಟೇ ಮಾಡುತ್ತಿದ್ದರು.

ಕೆಲ ತಿಂಗಳ ಮೇಲೆ ಅದೇ ದೂರು. ಆಮೇಲೆ ಮತ್ತೊಂದು. ಕೆಲ್ಲರ್‌ಮನ್ ಈ ಸಲ ಡಿಸ್ಕ್ ಪೂರ್ತಿ ಜಾಲಾಡಿದರು. ಹಿಂದಿನ ಮೂರು ತಿಂಗಳಲ್ಲಿ 37 ಕಡತಗಳು ಕೆಟ್ಟಿದ್ದವು. ದಿನಾಂಕದ ಪ್ರಕಾರ ಜೋಡಿಸಿದಾಗ ವಿಚಿತ್ರ ಕಂಡಿತು. ಅತಿ ಹೆಚ್ಚು ಕಡತಗಳು ಕೆಟ್ಟಿದ್ದ ದಿನಗಳು ನವೆಂಬರ್ 30, ಡಿಸೆಂಬರ್ 31, ಜನವರಿ 31.

ಕಂಪ್ಯೂಟರಿಗೆ ಅಮಾವಾಸ್ಯೆ, ಹುಣ್ಣಿಮೆ ಇಲ್ಲ. ತಿಂಗಳ ಕೊನೆ ಅದಕ್ಕೆ ಹೇಗೆ ತಿಳಿಯಿತು?

ಸುಳಿವು ಸಿಕ್ಕಿದ್ದು ಕೆಟ್ಟ ಜಾಗದಲ್ಲೇ. ಎಲ್ಲ ಕಡತಗಳಲ್ಲೂ ಕೊನೆಯ 8 ಬೈಟ್ ಮಾತ್ರ ಹಾಳಾಗಿದ್ದವು, ಅದೂ ಎಲ್ಲದರಲ್ಲೂ ಒಂದೇ ರೀತಿ. ಮೊದಲೆರಡು ಬೈಟ್‌ಗಳನ್ನು ಅಕ್ಷರವಾಗಿ ಓದಿದರೆ ‘ಪಿ’, ‘ಕೆ’. ಜಿಪ್ ಕಡತ ವಿನ್ಯಾಸವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ ಅದು. ಜಗತ್ತಿನ ಪ್ರತಿ ಜಿಪ್ ಕಡತದಲ್ಲೂ ಅವರ ರುಜು ಇರುತ್ತದೆ.

ಈ ಸರ್ವರ್‌ನಲ್ಲಿ ಜಿಪ್ ಎಲ್ಲಿಂದ ಬಂತು? ಗ್ರಾಹಕ ತಿಂಗಳ ಲಾಗ್ ಕೇಳಿದಾಗ ಒಂದು ಪ್ರೋಗ್ರಾಂ ದಿನದಿನದ ಕಡತಗಳನ್ನು ಸಾಲಾಗಿ ಜೋಡಿಸಿ, ಕೊನೆಗೆ ಜಿಪ್‌ನ ಸೂಚಿ ಅಂಟಿಸಿ ಕಳಿಸುತ್ತಿತ್ತು. ಸೂಚಿ ಬರುವುದು ಕೊನೆಯ ದಿನದ ಕಡತದ ಬೆನ್ನಿಗೆ. ಹೊರಗೆ ಹೋಗಬೇಕಿದ್ದ ಆ ಸೂಚಿಯ ಮೊದಲ 8 ಬೈಟ್ ಹೇಗೋ ಮೂಲ ಕಡತದ ಬಾಲಕ್ಕೇ ಮೆತ್ತಿಕೊಂಡಿದ್ದವು.

ಆದರೆ ಆ ಪ್ರೋಗ್ರಾಂಗೆ ಮೂಲ ಕಡತವನ್ನು ಓದುವ ಅನುಮತಿ ಇತ್ತೇ ಹೊರತು ಬರೆಯುವ ಅನುಮತಿ ಇರಲಿಲ್ಲ. ಬರೆಯಲಾಗದವನು ಬರೆದಿದ್ದ. ಹಾಗಾದರೆ ಕಾವಲುಗಾರನೇ ಎಡವಿರಬೇಕು.

ಈ ಕಾವಲುಗಾರನೇ ಕರ್ನಲ್. ಆ್ಯಪ್, ಬ್ರೌಸರ್, ಆಟ ಯಾವುದೇ ಇರಲಿ, ಮೆಮೊರಿಯನ್ನಾಗಲಿ ಡಿಸ್ಕನ್ನಾಗಲಿ ನೇರವಾಗಿ ಮುಟ್ಟುವಂತಿಲ್ಲ. ಎಲ್ಲಕ್ಕೂ ಕರ್ನಲ್ ಮುಂದೆ ಅರ್ಜಿ ಹಾಕಬೇಕು. ಯಾರು ಯಾವ ಕಡತ ಓದಬಹುದು, ಯಾರು ಬರೆಯಬಹುದು ಎಂದು ನಿರ್ಧರಿಸುವುದು ಅದೇ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಬರೆಯಲು ಶುರು ಮಾಡಿದ ಲಿನಕ್ಸ್ ಕರ್ನಲ್ ಈಗ ಸುಮಾರು 4 ಕೋಟಿ ಸಾಲುಗಳ ಕೋಡ್. ಎಲ್ಲ ಆ್ಯಂಡ್ರಾಯ್ಡ್ ಫೋನ್‌ಗಳ ತಳದಲ್ಲಿ ಅದೇ ಇದೆ. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರ್‌ಗಳಲ್ಲೂ ಅದೇ.

ತನ್ನ ಪ್ರೋಗ್ರಾಂ ಕೆಟ್ಟಾಗ ಕರ್ನಲ್ ಮೇಲೆ ಗೂಬೆ ಕೂರಿಸುವವನನ್ನು ಈ ವೃತ್ತಿಯಲ್ಲಿ ನಂಬುವುದಿಲ್ಲ. ಕೆಲ್ಲರ್‌ಮನ್‌ಗೂ ಅದು ಗೊತ್ತಿತ್ತು. ಅದಕ್ಕೇ ಎರಡು ಪುಟ್ಟ ಪ್ರೋಗ್ರಾಂ ಬರೆದರು. ಒಂದು, ಕಡತವೊಂದಕ್ಕೆ ‘ಎಎಎಎಎ’ ಎಂದಷ್ಟೇ ಬರೆಯುತ್ತಾ ಹೋಗುತ್ತದೆ. ಇನ್ನೊಂದು, ಆ ಕಡತವನ್ನು ಓದಿ ಪೈಪ್ ಎಂಬ ಕೊಳವೆಗೆ ಹಾಯಿಸಿ, ಹಿಂದೆಯೇ ‘ಬಿಬಿಬಿಬಿಬಿ’ ಎಂದು ಕೊಳವೆಗೆ ಬರೆಯುತ್ತದೆ. ಎರಡನೆಯದು ಕಡತಕ್ಕೆ ಏನನ್ನೂ ಬರೆಯುವುದಿಲ್ಲ. ಆದರೂ ಕಡತದಲ್ಲಿ ‘ಬಿ’ಗಳು ಕಾಣಿಸಿಕೊಂಡವು.

2022ರ ಫೆಬ್ರುವರಿ 19, ಶನಿವಾರ. ಓದಲಷ್ಟೇ ಅನುಮತಿಯಿರುವ ಯಾವ ಕಡತವನ್ನಾದರೂ ಯಾವ ಸಾಮಾನ್ಯ ಬಳಕೆದಾರನಾದರೂ ತಿದ್ದಬಹುದು ಎಂಬುದು ಅವರಿಗೆ ಅಂದು ಹೊಳೆಯಿತು. ಲಿನಕ್ಸ್‌ನಲ್ಲಿ ಬಳಕೆದಾರರ ಪಟ್ಟಿಯೂ ಒಂದು ಕಡತವೇ. ಎಲ್ಲರೂ ಅದನ್ನು ಓದಬಹುದು. ಅದರಲ್ಲಿ ಒಡೆಯನ, ಅಂದರೆ ‘ರೂಟ್’ನ ಸಾಲನ್ನು ತಿದ್ದಿದರೆ ಯಂತ್ರವೇ ಕೈವಶ.

ಹಳೆಯ ಚೀಟಿ ಹರಿಯದ ಗುಮಾಸ್ತ

ಆಗಿದ್ದೇನು? ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನೆಸಿಕೊಳ್ಳಿ. ದಾಖಲೆ ಕೇಳಿದವರಿಗೆಲ್ಲ ಜೆರಾಕ್ಸ್ ಮಾಡಿಕೊಡಲು ಹೊತ್ತಿಲ್ಲ. ಗುಮಾಸ್ತ ಮೂಲ ಹಾಳೆಯನ್ನೇ ಒಂದು ಫೈಲಿಗೆ ಹಾಕಿ ‘ಇಲ್ಲೇ ನೋಡಿ ಕೊಡಿ’ ಎನ್ನುತ್ತಾನೆ. ಆ ಫೈಲಿನ ಮೇಲೆ ಹಿಂದಿನ ಅರ್ಜಿದಾರನಿಗೆ ಅಂಟಿಸಿದ್ದ ‘ಇದರಲ್ಲೇ ಮುಂದುವರಿಸಿ ಬರೆಯಬಹುದು’ ಎಂಬ ಚೀಟಿ ಹಾಗೇ ಉಳಿದಿದೆ. ಅವನ ಬಳಿ ಇದ್ದದ್ದು ಖಾಲಿ ಹಾಳೆ, ಆ ಚೀಟಿ ಅಲ್ಲಿ ಸರಿ. ಈಗ ಒಳಗಿರುವುದು ಮೂಲ ಪಹಣಿ. ಬಂದವನು ಚೀಟಿ ನೋಡಿ ಬರೆದೇಬಿಡುತ್ತಾನೆ.

ಕರ್ನಲ್‌ನ ಪೈಪ್‌ನಲ್ಲೂ ಹೀಗೇ ಆಯಿತು. ವೇಗಕ್ಕಾಗಿ ಅದು ಕಡತದ ನಕಲು ಮಾಡದೆ ಮೆಮೊರಿಯಲ್ಲಿರುವ ಪುಟವನ್ನೇ ಕೊಳವೆಗೆ ಜೋಡಿಸುತ್ತದೆ. ‘ಈ ಪುಟಕ್ಕೇ ಸೇರಿಸಿ ಬರೆಯಬಹುದು’ ಎನ್ನುವ ಹಳೆಯ ಗುರುತನ್ನು, ಅಂದರೆ ಫ್ಲ್ಯಾಗನ್ನು, ಅಳಿಸಲು ಮರೆತಿತ್ತು.

ಮರೆವು ಒಬ್ಬರದಲ್ಲ. ಫ್ಲ್ಯಾಗನ್ನು ಸೊನ್ನೆ ಮಾಡದೆ ಬಿಟ್ಟ ಕೋಡ್ ಬಂದದ್ದು 2016ರಲ್ಲಿ, 4.9ನೇ ಆವೃತ್ತಿಗೆ. ಆಗ ಅದರಿಂದ ತೊಂದರೆಯೇನೂ ಇರಲಿಲ್ಲ, ಏಕೆಂದರೆ ‘ಸೇರಿಸಿ ಬರೆ’ ಎಂಬ ಫ್ಲ್ಯಾಗೇ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 2020ರಲ್ಲಿ, 5.8ನೇ ಆವೃತ್ತಿಗೆ ಕೋಡ್ ಚೊಕ್ಕಗೊಳಿಸುವಾಗ. ನಾಲ್ಕು ವರ್ಷದ ಅಂತರದಲ್ಲಿ ಎರಡು ನಿರಪಾಯಕಾರಿ ಬದಲಾವಣೆಗಳು. ಎರಡೂ ಕೂಡಿದಾಗ ಅಪಾಯ. ‘ಓಪನ್‌ಸೋರ್ಸ್ ಕೋಡನ್ನು ಸಾವಿರ ಕಣ್ಣು ನೋಡುತ್ತಿರುತ್ತವೆ, ಹೆದರಬೇಡಿ’ ಎನ್ನುವವರಿಗೆ ಇದನ್ನು ತೋರಿಸಬೇಕು. ಕಣ್ಣುಗಳು ನೋಡುವುದು ಒಂದೊಂದು ಬದಲಾವಣೆಯನ್ನು. ದೋಷ ಇದ್ದದ್ದು ಎರಡರ ನಡುವಿನ ಸಂದಿಯಲ್ಲಿ.

ಇನ್ನೊಂದು ಕುತ್ತೂ ಇತ್ತು. ತಿದ್ದಿದ್ದು ಮೆಮೊರಿಯಲ್ಲಿರುವ ಪುಟವನ್ನು. ಪುಟ ಬದಲಾಗಿದೆ ಎಂದು ಕರ್ನಲ್‌ಗೇ ತಿಳಿದಿರುವುದಿಲ್ಲವಾದ್ದರಿಂದ ಅದು ಡಿಸ್ಕ್‌ಗೆ ಹೋಗುವುದು ಖಾತ್ರಿಯಿಲ್ಲ. ಕಳ್ಳ ಕೆಲಸ ಮುಗಿಸಿದ ಮೇಲೆ ಯಂತ್ರ ರೀಬೂಟ್ ಆದರೆ ಮೂಲ ಕಡತ ಏನೂ ಆಗದಂತೆ ಮರಳುತ್ತದೆ. ಕಳ್ಳತನದ ಕುರುಹೂ ಇಲ್ಲ.

ಈ ದೋಷಕ್ಕೆ ಕೆಲ್ಲರ್‌ಮನ್ ಇಟ್ಟ ಹೆಸರು ‘ಡರ್ಟಿ ಪೈಪ್’. ದಫ್ತರದ ಹೆಸರು ಸಿವಿಇ-2022-0847.

ಗುಟ್ಟಾಗಿ, ಎಲ್ಲರೆದುರು

ತೇಪೆ, ಅಂದರೆ ಪ್ಯಾಚ್, ಎಷ್ಟು ದೊಡ್ಡದು? ಎರಡು ಫಂಕ್ಷನ್‌ಗಳಲ್ಲಿ ಒಂದೊಂದು ಸಾಲು. ಎರಡೂ ಹೇಳುವುದು ಒಂದನ್ನೇ: ಫ್ಲ್ಯಾಗ್ ಬೆಲೆ ಸೊನ್ನೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಬಿಸಿ ಏರುವುದೇ ಇಲ್ಲಿಂದ.

ಲಿನಕ್ಸ್ ತೆರೆದ ಪುಸ್ತಕ. ಸೇರುವ ಪ್ರತಿ ತೇಪೆಯೂ ಎಲ್ಲರಿಗೂ ಕಾಣುತ್ತದೆ. ‘ಇದೋ ಇಲ್ಲಿ ಭಾರಿ ಲೋಪವಿತ್ತು, ಮುಚ್ಚಿದ್ದೇವೆ’ ಎಂದು ಬರೆದರೆ ತೇಪೆ ಹಾಕಿಕೊಳ್ಳದ ಕೋಟ್ಯಂತರ ಯಂತ್ರಗಳ ವಿಳಾಸವನ್ನು ಕಳ್ಳನಿಗೆ ಕೊಟ್ಟಂತೆ. ಬರೆಯದಿದ್ದರೆ ತೇಪೆಯ ತುರ್ತು ಯಾರಿಗೂ ತಿಳಿಯದು.

ಕೆಲ್ಲರ್‌ಮನ್ ಫೆಬ್ರುವರಿ 20ರ ಭಾನುವಾರ ಕರ್ನಲ್‌ನ ಭದ್ರತಾ ತಂಡಕ್ಕೆ ವರದಿ ಮತ್ತು ತೇಪೆ ಎರಡನ್ನೂ ಕಳಿಸಿದರು. ಮರುದಿನ ಅದೇ ತೇಪೆ ಬಹಿರಂಗವಾಗಿ ಬಂತು. ಟೊರ್ವಾಲ್ಡ್ಸ್ ಮತ್ತಿತರರ ಸಲಹೆಯಂತೆ, ಭದ್ರತೆಯ ಸೊಲ್ಲೆತ್ತದೆ. ಮೇಲ್ನೋಟಕ್ಕೆ ಅದು ಯಾರೋ ಅಚ್ಚುಕಟ್ಟು ಎಂಜಿನಿಯರ್ ಬಿಟ್ಟುಹೋದದ್ದನ್ನು ತುಂಬಿದ ಹಾಗಿತ್ತು. 23ರಂದು 5.16.11, 5.15.25, 5.10.102 ಎಂಬ ಮೂರು ಸ್ಥಿರ ಆವೃತ್ತಿಗಳು ಹೊರಬಂದವು. 24ಕ್ಕೆ ಗೂಗಲ್ ಅದನ್ನು ಆ್ಯಂಡ್ರಾಯ್ಡ್ ಕರ್ನಲ್‌ಗೆ ಸೇರಿಸಿತು. 28ಕ್ಕೆ ಲಿನಕ್ಸ್ ವಿತರಕರ ಕಿವಿಗೆ ಹಾಕಲಾಯಿತು. ಮಾರ್ಚ್ 7ಕ್ಕೆ ಇಡೀ ಕತೆ ಜಗಜ್ಜಾಹೀರು.

ಹಾಗೆಂದರೆ ಎರಡು ವಾರ ಆ ಎರಡು ಸಾಲು ಎಲ್ಲರ ಕಣ್ಣೆದುರೇ ಬಿದ್ದಿದ್ದವು. ಯಾರೂ ಗಮನಿಸಲಿಕ್ಕಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ. ಇಂಥ ಸಪ್ಪೆ ತೇಪೆಗಳನ್ನು ಹೆಕ್ಕಿ ‘ಇದರ ಹಿಂದೇನಿದೆ’ ಎಂದು ಮೂಸಿ ನೋಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಹೊಳೆಯುವುದಿಲ್ಲ. ಆದರೆ ಇದೊಂದು ಜೂಜು ಎಂಬುದನ್ನು ಮರೆಯಬಾರದು.

ಬಹಿರಂಗವಾದ ಮೇಲೆ ಗುಟ್ಟಿನ ಮಾತೇ ಇಲ್ಲ. ದಾಳಿಗೆ ಬಳಕೆಯಾಗುತ್ತಿರುವ ಲೋಪಗಳೆಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ‘ಸಿಸಾ’ ಒಂದು ಪಟ್ಟಿ ಇಟ್ಟಿದೆ. ಏಪ್ರಿಲ್ 25ಕ್ಕೆ ಡರ್ಟಿ ಪೈಪ್ ಆ ಪಟ್ಟಿ ಸೇರಿತ್ತು.

ಬಾಕ್ಸ್: ಮಂಗಳವಾರದ ತೇಪೆ

ಮೈಕ್ರೋಸಾಫ್ಟ್ 2003ರಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳನ್ನು ಒಟ್ಟಾಗಿ ಬಿಡುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಗಂಟೆ ಎಂದರೆ ನಮ್ಮಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ಬೆಂಗಳೂರಿನ ಸಿಸ್ಟಂ ಅಡ್ಮಿನ್‌ಗಳಿಗೆ ‘ಪ್ಯಾಚ್ ಟ್ಯೂಸ್‌ಡೇ’ ಶುರುವಾಗುವುದು ಬುಧವಾರವೇ. ತೇಪೆ ಬಿಚ್ಚಿ ನೋಡಿ ದಾಳಿ ಹೆಣೆಯುವವರಿಗೂ ಅದೇ ಬುಧವಾರ ಸುಗ್ಗಿ.

ಫೋನಿನ ದಾರಿ ದೂರ

ಸರ್ವರ್‌ಗೆ ತೇಪೆ ಹಾಕುವುದು ಒಂದು ಆದೇಶ, ಒಂದು ರೀಬೂಟ್. ಫೋನಿನ ದಾರಿ ಬೇರೆ. ಮೂಲ ಕರ್ನಲ್‌ನಿಂದ ಗೂಗಲ್‌ನ ಆ್ಯಂಡ್ರಾಯ್ಡ್ ಕರ್ನಲ್‌ಗೆ, ಅಲ್ಲಿಂದ ಕ್ವಾಲ್ಕಾಮ್ ಅಥವಾ ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗೆ, ಅಲ್ಲಿಂದ ಫೋನ್ ತಯಾರಕನಿಗೆ, ಅವನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಮಗೆ. ಪ್ರತಿ ನಿಲ್ದಾಣದಲ್ಲೂ ಕಾಯಬೇಕು. ಹಳೆಯ ಮಾದರಿಯಾದರೆ ಕೊನೆಯ ನಿಲ್ದಾಣಕ್ಕೆ ಬಸ್ಸೇ ಇರುವುದಿಲ್ಲ.

ಡರ್ಟಿ ಪೈಪ್ ವಿಷಯದಲ್ಲಿ ಒಂದು ತಮಾಷೆಯೂ ನಡೆಯಿತು. ಆಗ ಬಹುಪಾಲು ಫೋನ್‌ಗಳಲ್ಲಿದ್ದದ್ದು 4ನೇ ಸರಣಿಯ ಹಳೆ ಕರ್ನಲ್, ಅವು ಬಚಾವು. ಸಿಕ್ಕಿಬಿದ್ದದ್ದು 5.10 ಕರ್ನಲ್ ಇದ್ದ ಹೊಚ್ಚ ಹೊಸ ಪಿಕ್ಸೆಲ್ 6, ಗ್ಯಾಲಕ್ಸಿ ಎಸ್22ರಂಥ ದುಬಾರಿ ಫೋನ್‌ಗಳು. ‘ಹಳೆಯದೇ ವಾಸಿ’ ಎನ್ನುವವರಿಗೆ ಒಂದು ದಿನದ ಗೆಲುವು.

ಒಂದೇ ದಿನದ್ದು. ಏಕೆಂದರೆ ಹಳೆ ಫೋನ್‌ಗಳ ಪಾಲಿನ ಶನಿ ಐದು ವರ್ಷ ಮೊದಲೇ ವಕ್ಕರಿಸಿತ್ತು. ಅದರ ಹೆಸರು ‘ಡರ್ಟಿ ಕೌ’. 2007ರ 2.6.22ನೇ ಆವೃತ್ತಿಯಿಂದ ಒಂಬತ್ತು ವರ್ಷ ಮುಚ್ಚದೆ ಉಳಿದಿದ್ದ ದೋಷ. ತನ್ನ ಸರ್ವರ್‌ಗೆ ಬರುವ ಟ್ರಾಫಿಕ್ಕನ್ನೆಲ್ಲ ದಾಖಲಿಸಿಡುವ ಅಭ್ಯಾಸವಿದ್ದ ಫಿಲ್ ಓಸ್ಟರ್ ಎಂಬವರು, ಕಳ್ಳರು ಅದನ್ನು ಬಳಸುತ್ತಿದ್ದಾಗಲೇ ಹಿಡಿದರು. 2016ರ ಅಕ್ಟೋಬರ್‌ನಲ್ಲಿ ಟೊರ್ವಾಲ್ಡ್ಸ್ ತೇಪೆ ಹಾಕಿ, ಹನ್ನೊಂದು ವರ್ಷದ ಹಿಂದೆ ತಾವೇ ಇದನ್ನು ಕೆಟ್ಟದಾಗಿ ರಿಪೇರಿ ಮಾಡಲು ಹೋಗಿದ್ದಾಗಿಯೂ, ಬೇರೊಂದು ತೊಂದರೆಯಿಂದ ಆ ರಿಪೇರಿಯನ್ನು ಆಮೇಲೆ ಕಿತ್ತು ಹಾಕಿದ್ದಾಗಿಯೂ ತೇಪೆಯ ಟಿಪ್ಪಣಿಯಲ್ಲೇ ಬರೆದರು. ಆ ತೇಪೆಯೂ ಪೂರ್ತಿಯಾಗಿರಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ಅದಕ್ಕೇ ಇನ್ನೊಂದು ತೇಪೆ ಬೇಕಾಯಿತು.

ನಮಗೆ ಸಂಬಂಧಪಟ್ಟ ಭಾಗ ಮುಂದಿದೆ. ತೇಪೆ ಬಂದು ಹೆಚ್ಚುಕಡಿಮೆ ವರ್ಷ ಕಳೆದ ಮೇಲೆ, 2017ರ ಸೆಪ್ಟೆಂಬರ್‌ನಲ್ಲಿ, ಟ್ರೆಂಡ್ ಮೈಕ್ರೋ ಸಂಸ್ಥೆ ‘ಝಡ್‌ಎನ್‌ಐಯು’ ಎಂಬ ಆ್ಯಂಡ್ರಾಯ್ಡ್ ಮಾಲ್‌ವೇರ್ ಪತ್ತೆ ಮಾಡಿತು. ಆಟ, ಅಶ್ಲೀಲ ವಿಡಿಯೊ ಮುಂತಾದ ಹೆಸರಿನ 1,200ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಅಡಗಿದ್ದ ಅದು ಡರ್ಟಿ ಕೌ ಮೂಲಕವೇ ಫೋನಿನ ರೂಟ್ ಹಿಡಿಯುತ್ತಿತ್ತು. 40ಕ್ಕೂ ಹೆಚ್ಚು ದೇಶಗಳಲ್ಲಿ ಅದು ಕಾಣಿಸಿಕೊಂಡಿತ್ತು. ಬಲಿಯಾದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು.

ತೇಪೆ ಇರಲಿಲ್ಲ ಎಂದಲ್ಲ. ಅಷ್ಟು ದಿನವಾದರೂ ಅದು ಅವರ ಫೋನ್ ಮುಟ್ಟಿರಲಿಲ್ಲ, ಅಷ್ಟೇ.

ಬಾಕ್ಸ್: 59 ದಿನ

ವಿಂಡೋಸ್‌ನ ಕಡತ ಹಂಚಿಕೆ ವ್ಯವಸ್ಥೆಯಲ್ಲಿದ್ದ ಲೋಪಕ್ಕೆ ಮೈಕ್ರೋಸಾಫ್ಟ್ ತೇಪೆ ಬಿಟ್ಟದ್ದು 2017ರ ಮಾರ್ಚ್ 14ರಂದು. ಅದೇ ಲೋಪದಿಂದ ಒಳನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ‘ವಾನಾಕ್ರೈ’ ಹಬ್ಬಿದ್ದು ಮೇ 12ರಂದು. ನಡುವೆ ಇದ್ದದ್ದು 59 ದಿನ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಕಂಗೆಟ್ಟವು. ನೆರೆಯ ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳೂ, ಕೇರಳದ ಕೆಲವು ಪಂಚಾಯಿತಿ ಕಚೇರಿಗಳೂ ತತ್ತರಿಸಿದವು.

‘ನಾಳೆ’ ಒತ್ತುವವರ ವಾದ

ಅಪ್‌ಡೇಟ್ ಮುಂದೂಡುವವರೆಲ್ಲ ಸೋಮಾರಿಗಳಲ್ಲ. 2024ರ ಜುಲೈ 19ರ ಶುಕ್ರವಾರ ಅವರ ಪರವಾಗಿ ಸಾಕ್ಷಿ ನುಡಿಯುತ್ತದೆ.

ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಂತ್ರಾಂಶ ವಿಂಡೋಸ್ ಕರ್ನಲ್ ಒಳಗೇ ಕೂತು ಕಾವಲು ಕಾಯುತ್ತದೆ. ಅಂದು ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಅದಕ್ಕೊಂದು ಪುಟ್ಟ ಅಪ್‌ಡೇಟ್ ಹೋಯಿತು. ಹೊಸ ಕಡತ 21ನೇ ಮಾಹಿತಿಯನ್ನು ಕೇಳುತ್ತಿತ್ತು. ಕೊಡುವ ಕಡೆ ಇದ್ದದ್ದು 20. ಇಲ್ಲದ ಜಾಗಕ್ಕೆ ಕೈ ಹಾಕಿದ್ದು ಸಾಮಾನ್ಯ ಆ್ಯಪ್ ಆಗಿದ್ದರೆ ಅದೊಂದೇ ಮುಚ್ಚಿಕೊಳ್ಳುತ್ತಿತ್ತು. ಕರ್ನಲ್ ಒಳಗಾದ್ದರಿಂದ ಇಡೀ ಯಂತ್ರ ನೀಲಿ ಪರದೆಗೆ ತಿರುಗಿತು. ಕಂಪನಿ 10.57ಕ್ಕೆ ಅಪ್‌ಡೇಟ್ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಮಲಗಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿ ದೇಶದ ಹಲವೆಡೆ ಚೆಕ್‌ಇನ್ ಸಾಲು ಬಾಗಿಲು ದಾಟಿತು. ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್‌ಗಳನ್ನು ಜನ ಫೋಟೊ ತೆಗೆದು ಹಂಚಿಕೊಂಡರು.

ಕಾಯುವುದಕ್ಕೆ ಅರ್ಥವಿದೆ, ನಿಜ. ಆದರೆ ಅಲ್ಲಿ ತಪ್ಪಿದ್ದು ಹಂಚಿದ ರೀತಿ: ನೂರಕ್ಕೊಂದು ಯಂತ್ರದಲ್ಲಿ ಮೊದಲು ನೋಡದೆ ಎಲ್ಲರಿಗೂ ಒಟ್ಟಿಗೇ ಬಡಿಸಿದ್ದು. ಅದನ್ನು ತೋರಿಸಿ ‘ಅಪ್‌ಡೇಟೇ ಬೇಡ’ ಎನ್ನುವುದು ಅನ್ನ ಸೀದ ದಿನವನ್ನು ನೆನೆದು ಒಲೆಯನ್ನೇ ಆರಿಸಿಬಿಡುವಂಥ ಮಾತು.

ಕಂಪನಿಗಳಿಗೆ ಇನ್ನೊಂದು ಭಯ ರೀಬೂಟ್. ನಡೆಯುತ್ತಿರುವ ಕರ್ನಲ್ ಬದಲಾಗಬೇಕಾದರೆ ಯಂತ್ರ ಒಮ್ಮೆ ಆರಿ ಹೊತ್ತಬೇಕು. ಬ್ಯಾಂಕಿನ ಸರ್ವರನ್ನು ಮಧ್ಯಾಹ್ನ ಹನ್ನೆರಡಕ್ಕೆ ಆರಿಸಲಾಗದು. ಅದಕ್ಕೇ ‘ಪ್ಯಾಚಿಂಗ್ ವಿಂಡೋ’ ಎಂಬ ಮುಹೂರ್ತ. ಅಮೆರಿಕದ ಶನಿವಾರ ರಾತ್ರಿಯೆಂದರೆ ಬೆಂಗಳೂರಿನ ಭಾನುವಾರ ಬೆಳಿಗ್ಗೆ. ನಾವು ಈ ಪುರವಣಿ ತಿರುವಿ ಹಾಕುವ ಹೊತ್ತಿಗೆ ಯಾವುದೋ ಸಪೋರ್ಟ್ ಎಂಜಿನಿಯರ್ ಕಾನ್ಫರೆನ್ಸ್ ಕಾಲ್‌ನಲ್ಲಿ ಕೂತು, ಸರ್ವರ್ ಮರಳಿ ಎದ್ದಿತೋ ಇಲ್ಲವೋ ಎಂದು ‘ಪಿಂಗ್’ ಮಾಡಿ ನೋಡುತ್ತಿರುತ್ತಾರೆ. ಏಳದಿದ್ದರೆ ಹಳೆಯ ಕರ್ನಲ್‌ಗೇ ‘ರೋಲ್‌ಬ್ಯಾಕ್’. ಅಲ್ಲಿಗೆ ತೇಪೆ ಮುಂದಿನ ಮುಹೂರ್ತಕ್ಕೆ.

ಈ ಮುಹೂರ್ತದ ಕಾಟ ಒಂದು ಹೊಸ ತಂತ್ರಕ್ಕೂ ಕಾರಣವಾಯಿತು. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಜೆಫ್ ಆರ್ನಾಲ್ಡ್, ಬಳಕೆದಾರರಿಗೆ ತೊಂದರೆಯಾಗಬಾರದೆಂದು ಸರ್ವರ್‌ನ ಅಪ್‌ಡೇಟನ್ನು ವಾರಾಂತ್ಯಕ್ಕೆ ಇಟ್ಟಿದ್ದರು. ಅಷ್ಟರೊಳಗೆ ಕಳ್ಳ ನುಗ್ಗಿದ್ದ. ಓಡುತ್ತಿರುವ ಕರ್ನಲ್‌ಗೇ ಏಕೆ ತೇಪೆ ಹಾಕಬಾರದು ಎಂದು ಹೊರಟ ಅವರು ರೂಪಿಸಿದ್ದು ‘ಕೆಸ್‌ಪ್ಲೈಸ್’. ದೋಷವಿರುವ ಫಂಕ್ಷನ್‌ನ ಬಾಗಿಲಲ್ಲೇ ಒಂದು ತಿರುವು ಇಟ್ಟು, ಬಂದವರನ್ನೆಲ್ಲ ಸರಿಪಡಿಸಿದ ಫಂಕ್ಷನ್‌ ಕಡೆ ಕಳಿಸುವುದು ಅದರ ತಂತ್ರ. 2011ರಲ್ಲಿ ಒರಾಕಲ್ ಅದನ್ನು ಕೊಂಡಿತು. ರೆಡ್‌ಹ್ಯಾಟ್, ಸೂಸೆ ಕಂಪನಿಗಳು ತಮ್ಮದೇ ದಾರಿ ಹುಡುಕಿಕೊಂಡವು. 2015ರಲ್ಲಿ 4.0ನೇ ಆವೃತ್ತಿಯ ಹೊತ್ತಿಗೆ ‘ಲೈವ್ ಪ್ಯಾಚಿಂಗ್’ ಮೂಲ ಲಿನಕ್ಸ್‌ಗೇ ಸೇರಿತು. ಸಣ್ಣ ತೇಪೆಗಳಿಗೆ ಇದು ಸಾಕು. ದತ್ತಾಂಶದ ರಚನೆಯೇ ಬದಲಾಗುವಂಥ ದೊಡ್ಡ ರಿಪೇರಿಗೆ ಇಂದಿಗೂ ರೀಬೂಟೇ ಗತಿ.

ಯಾವ ತೇಪೆ ಮುಖ್ಯ?

‘ಭದ್ರತೆಯ ತೇಪೆಗಳನ್ನು ಮಾತ್ರ ಕೊಡಿ, ಉಳಿದದ್ದು ಬೇಡ’ ಎಂಬುದು ಕಂಪನಿಗಳ ಹಳೆಯ ಬೇಡಿಕೆ. ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವ ಗ್ರೆಗ್ ಕ್ರೋ-ಹಾರ್ಟ್‌ಮನ್ ಇದಕ್ಕೆ ವರ್ಷಗಳಿಂದ ತಲೆಯಾಡಿಸುತ್ತಲೇ ಬಂದವರು, ಅಡ್ಡಡ್ಡ. ಕರ್ನಲ್‌ನಂಥ ಜಾಗದಲ್ಲಿ ಯಾವ ದೋಷ ಯಾವತ್ತು ಭದ್ರತಾ ಲೋಪವಾಗುತ್ತದೆಂದು ಹೇಳಲಾಗದು ಎಂಬುದು ಅವರ ವಾದ. ಫ್ಲ್ಯಾಗ್ ಕತೆ ಓದಿದ ಮೇಲೆ ಇದನ್ನು ಅಲ್ಲಗಳೆಯುವುದು ಕಷ್ಟ. 2024ರ ಫೆಬ್ರುವರಿಯಿಂದ ಲಿನಕ್ಸ್ ಕರ್ನಲ್ ತಂಡವೇ ತನ್ನ ಲೋಪಗಳಿಗೆ ಸಿವಿಇ ಸಂಖ್ಯೆ ಕೊಡುತ್ತಿದೆ. ಅನುಮಾನ ಇರುವುದಕ್ಕೆಲ್ಲ ಸಂಖ್ಯೆ. ವರ್ಷಕ್ಕೆ ಸಾವಿರಾರು. ಪಟ್ಟಿ ಓದಿ ಆರಿಸುವವರು ಸೋತು, ಇಡೀ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಲಿ ಎಂಬುದು ಒಳಗಿನ ಲೆಕ್ಕಾಚಾರ ಎಂದು ಗುಮಾನಿ ಪಡುವವರಿದ್ದಾರೆ. ಇದ್ದರೆ ತಪ್ಪೇನೂ ಇಲ್ಲ.

ಆದರೆ ಆ ಹೊಸ ಆವೃತ್ತಿಗಳನ್ನು ಸಿದ್ಧಪಡಿಸುವವರು ಬೆರಳೆಣಿಕೆಯ ಮಂದಿ. ಹಳೆಯ ಕರ್ನಲ್‌ಗೆ ತೇಪೆ ಹೊಲಿಯುವುದು ಬೇಸರದ ದುಡಿಮೆ, ಹೆಸರೂ ಬರದು. ಹಾಗಾಗಿ ಆರು ವರ್ಷವಿದ್ದ ದೀರ್ಘಾವಧಿ ಬೆಂಬಲವನ್ನು ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫೋನ್ ಕಂಪನಿಗಳು ಎದುರು ದಿಕ್ಕಿಗೆ ಹೊರಟವು. ಗೂಗಲ್ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಅಪ್‌ಡೇಟ್ ಭರವಸೆ ಕೊಟ್ಟವು. ಮೂಲದವರು ಎರಡು ವರ್ಷಕ್ಕೆ ಕೈಬಿಟ್ಟರೆ, ಉಳಿದ ವರ್ಷಗಳ ಹೊಲಿಗೆಯನ್ನು ಕಂಪನಿಯೇ ಮಾಡಬೇಕು, ಇಲ್ಲವೇ ಫೋನಿನ ಕರ್ನಲನ್ನೇ ನಡುವಯಸ್ಸಿನಲ್ಲಿ ಬದಲಿಸಬೇಕು.

ಯುರೋಪಿನಲ್ಲಿ ಇದು ಕಂಪನಿಯ ಮರ್ಜಿಯಲ್ಲ. 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ಆ ಫೋನ್‌ಗಳಿಗೆ ಅಪ್‌ಡೇಟ್ ಸಿಗಬೇಕು. ಅದೇ ಮಾದರಿಗಳು ನಮ್ಮಲ್ಲೂ ಮಾರಾಟವಾಗುತ್ತವೆ.

ಬಾಕ್ಸ್: ನಿಮ್ಮ ಫೋನಿನ ತಾರೀಕು

ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’, ಅದರೊಳಗೆ ‘ಆ್ಯಂಡ್ರಾಯ್ಡ್ ವರ್ಶನ್’ ಅಥವಾ ‘ಸಾಫ್ಟ್‌ವೇರ್ ಇನ್ಫರ್ಮೇಶನ್’ ತೆರೆಯಿರಿ. ‘ಸೆಕ್ಯುರಿಟಿ ಅಪ್‌ಡೇಟ್’ ಎದುರು ಒಂದು ದಿನಾಂಕ ಇರುತ್ತದೆ. ಆ ದಿನಾಂಕದವರೆಗಿನ ಲೋಪಗಳಿಗೆ ಮಾತ್ರ ನಿಮ್ಮಲ್ಲಿ ತೇಪೆ ಇದೆ. ‘ಕರ್ನಲ್ ವರ್ಶನ್’ ಸಾಲೂ ಅಲ್ಲೇ ಸಿಗುತ್ತದೆ, 5.10, 5.15, 6.1 ಮುಂತಾದ ಮೊದಲ ಎರಡು ಅಂಕಿ ಅದರ ಸರಣಿ, ಮೂರನೆಯದು ಆ ಸರಣಿಯಲ್ಲಿ ಎಷ್ಟನೇ ತೇಪೆ ಬಿಡುಗಡೆ ಎಂಬುದು.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗೆ ಹೋಗಿ ಫೋನ್ ಕೇಳಿದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು, ಎಷ್ಟು ನಿಮಿಷಕ್ಕೆ ಚಾರ್ಜ್ ಎಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ, ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಎಂದು ಕೇಳಿ ನೋಡಿ. ಹುಡುಗ ಒಂದು ಕ್ಷಣ ತಡೆದು ‘ಬರುತ್ತೆ ಸರ್, ಎಲ್ಲ ಬರುತ್ತೆ’ ಎನ್ನುತ್ತಾನೆ. ಪೆಟ್ಟಿಗೆಯ ಮೇಲೆ ಹುಡುಕಿ ಫಲವಿಲ್ಲ. ಕಂಪನಿಯ ಜಾಲತಾಣದಲ್ಲಿ ಮಾದರಿಯ ಹೆಸರು ಹಾಕಿ ಹುಡುಕಿದರೆ ಉತ್ತರ ಸಿಗುವುದುಂಟು. ಅಗ್ಗದ ಮಾದರಿಗಳ ವಿಷಯದಲ್ಲಿ ಕೆಲವೊಮ್ಮೆ ಅದೂ ಇಲ್ಲ.